ಭೀಮೆಯ ದಂಡೆಯ ಗುರುತುಗಳು

ಅಫಜಲಪುರ ತಾಲೂಕಿನ ಹವಳಗಾದ ಕಡೆಗೆ ಚಳಿಗಾಲದಲ್ಲಿ ಪ್ರಯಾಣ ಮಾಡಿದವರಿಗೆ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಅಲ್ಲಿಯ ಸಕ್ಕರೆ ಕಾರ್ಖಾನೆಗೆ ಸುತ್ತಲಿನ ಹಳ್ಳಿಗಳ ಕಬ್ಬು ಬರುತ್ತದೆ. ಈ ನೋಟ ನಮ್ಮ ಸೀಮೆಗೆ ಹಳೆಯದಲ್ಲ. ಇದು ಎರೆ ನೆಲದ ನಾಡು. ಜೋಳ, ತೊಗರಿ, ಕುಸುಬೆ ಇಲ್ಲಿಯ ಹಳೆಯ ಬೆಳೆಗಳು. ಮಳೆಗಾಲದಲ್ಲಿ ಕರಿಮಣ್ಣು ಹೀರಿಟ್ಟುಕೊಂಡ ಹಸಿಯ ಮೇಲೆಯೇ ಹಿಂಗಾರಿ ಜೋಳ ಬೆಳೆದು ತೆನೆ ಕಟ್ಟುತ್ತದೆ. ಅದಕ್ಕೆ ಕಾಲುವೆಯ ನೀರು ಬೇಡ. ಕಬ್ಬಿನ ಮಾತು ಬೇರೆ. ಅದು ಹೊಲದಲ್ಲಿ ಹತ್ತು ಹನ್ನೆರಡು ತಿಂಗಳು ನಿಲ್ಲುವ ಬೆಳೆ. ನಿಂತಷ್ಟು ದಿನವೂ ನೀರು ಕೇಳುವ ಬೆಳೆ. ಇಷ್ಟು ಕಬ್ಬು ಈ ಒಣ ನೆಲಕ್ಕೆ ಹೇಗೆ ಬಂತು ಎಂದು ಕೇಳಿದರೆ ಉತ್ತರ ಒಂದೇ: ಭೀಮಾನದಿ.

ಆ ಭೀಮೆಯನ್ನು ಕುರಿತು, ಅದರ ದಂಡೆಯ ಮೇಲಿರುವ ಹಳೆಯ ಊರು, ಗುಡಿ, ಕೋಟೆ, ಸೇತುವೆಗಳನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ. ಕಲಬುರಗಿ ನಗರವು ನದಿಯ ದಂಡೆಯ ಮೇಲಿಲ್ಲ. ಭೀಮೆಯನ್ನು ಕಾಣಬೇಕಾದರೆ ಜೇವರ್ಗಿಯ ರಸ್ತೆ ಹಿಡಿದು ಇಪ್ಪತ್ತೈದು ಕಿಲೋಮೀಟರಿನಷ್ಟು ಹೋಗಬೇಕು. ಆದರೂ ಅದು ಕಲಬುರಗಿಯ ನದಿಯೇ ಸರಿ. ನಗರದ ನಲ್ಲಿಗಳಿಗೆ ಬರುವ ನೀರಿನಲ್ಲಿ ಒಂದು ಪಾಲು ಸರಡಗಿಯ ಬಳಿ ಭೀಮೆಯಿಂದ ಎತ್ತಿದ ನೀರು. ನದಿಯನ್ನು ಒಮ್ಮೆಯೂ ನೋಡದ ಮಗುವೂ ಅದರ ನೀರನ್ನು ಕುಡಿದು ಬೆಳೆಯುತ್ತಿದೆ.

ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅಲ್ಲಿಂದ ಆಗ್ನೇಯ ದಿಕ್ಕಿಗೆ ಸುಮಾರು 860 ಕಿಲೋಮೀಟರು ಹರಿದು ರಾಯಚೂರು ಜಿಲ್ಲೆಯ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಳಾ–ಮುಠಾ, ನೀರಾ, ಸೀನಾ ನದಿಗಳು ಮೇಲಿನ ಭಾಗದಲ್ಲಿ ಇದನ್ನು ಕೂಡಿಕೊಳ್ಳುತ್ತವೆ. ನಮ್ಮ ಜಿಲ್ಲೆಯಲ್ಲಿ ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದ ಬಳಿಯೂ, ಕಾಗಿಣಾ ಹೊನಗುಂಟಾದ ಬಳಿಯೂ ಸೇರುತ್ತವೆ. ಮಳೆ ಬೀಳುವುದು ಸಹ್ಯಾದ್ರಿಯಲ್ಲಿ; ನೀರು ಬರುವುದು ನಮ್ಮ ಅಂಗಳಕ್ಕೆ. ನಮ್ಮ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಹೊಳೆ ತುಂಬಿ ಬರಬಹುದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಭೀಮೆಯ ದಂಡೆಯ ಮೇಲಿನ ಎಲ್ಲ ಕಟ್ಟಡಗಳ ಅರ್ಥವೂ ಆಗುತ್ತದೆ. ಏಕೆಂದರೆ ಇಲ್ಲಿ ಮನೆ, ಗುಡಿ, ಕೋಟೆ, ಸೇತುವೆ ಏನನ್ನೇ ಕಟ್ಟಿದವನೂ ಮೊದಲು ತನ್ನಷ್ಟಕ್ಕೆ ಎರಡು ಪ್ರಶ್ನೆ ಕೇಳಿಕೊಂಡಿರಲೇಬೇಕು. ನೀರು ಎಲ್ಲಿಯವರೆಗೆ ಏರೀತು? ಏರಿದ ನೀರು ಎಷ್ಟು ದಿನ ನಿಂತೀತು?

ಭೀಮೆ ನೆಟ್ಟಗೆ ಹರಿಯುವ ನದಿಯಲ್ಲ. ಸಮನೆಲದ ಮೇಲೆ ಬಳಸಿ ಬಳಸಿ, ಬಾಗಿ ಬಾಗಿ ಹರಿಯುತ್ತದೆ. ಪಂಢರಪುರದಲ್ಲಿ ಅದು ಚಂದ್ರನ ಕಲೆಯಂತೆ ಬಾಗುವುದರಿಂದ ಅಲ್ಲಿ ಅದಕ್ಕೆ ಚಂದ್ರಭಾಗಾ ಎಂಬ ಹೆಸರೇ ಬಂದಿದೆ. ಇಂಥ ಬಾಗುಗಳಲ್ಲಿ ಒಂದು ದಂಡೆ ಎತ್ತರವಾಗಿ ಕಡಿದಿರುತ್ತದೆ. ಎದುರು ದಂಡೆಯಲ್ಲಿ ಉಸುಕು ಬಂದು ಕೂಡುತ್ತದೆ. ಎತ್ತರದ ದಂಡೆಯ ಕೆಳಗೆ ಮಡುವಿರುವುದರಿಂದ ಬೇಸಿಗೆಯಲ್ಲಿಯೂ ಅಲ್ಲಿ ನೀರು ಉಳಿಯುತ್ತದೆ. ಹಳಬರು ಊರು ಕಟ್ಟಲು ಬಾಗುಗಳನ್ನು ಆರಿಸಿದ್ದು ಸುಮ್ಮನೆ ಅಲ್ಲ.

ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಚಿತ್ತಾಪುರ ತಾಲೂಕಿನ ಸನ್ನತಿ. ಅಲ್ಲಿಯ ಚಂದ್ರಲಾಂಬಾ ದೇವಿಯ ಗುಡಿಗೆ ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳು ನಡೆದುಕೊಳ್ಳುತ್ತವೆ. 1986ರಲ್ಲಿ ಆ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಮೂರ್ತಿ ಭಗ್ನವಾಯಿತು. ಅವಶೇಷಗಳನ್ನು ತೆಗೆಯುವಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿ ಕಾಣಿಸಿತು. ಅದು ಕ್ರಿ.ಪೂ. ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನ. ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ಕೊರೆದ ರಂಧ್ರದಿಂದ ಕೆಲವು ಅಕ್ಷರಗಳು ಹೋಗಿವೆ. ಉಳಿದವನ್ನು ವಿದ್ವಾಂಸರು ಓದಿದ್ದಾರೆ. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕ ಶಾಸನಗಳು ಇಲ್ಲಿಯೂ ದೊರೆತವು. ಕಳಿಂಗದಿಂದ ಅಷ್ಟು ದೂರದಲ್ಲಿರುವ ಭೀಮೆಯ ಬಾಗಿಗೂ ಆ ರಾಜಾಜ್ಞೆ ಬಂದಿತ್ತು ಎಂದಮೇಲೆ, ಆ ಕಾಲಕ್ಕೇ ಇದೊಂದು ಗಣ್ಯವಾದ ಸ್ಥಳವಾಗಿತ್ತು ಎನ್ನಬೇಕು.

ಸನ್ನತಿಯ ಮಗ್ಗುಲಲ್ಲಿಯೇ ಕನಗನಹಳ್ಳಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೊಂದು ಹೊರಬಂತು. ಅದರ ಸುತ್ತ ಹೊದಿಸಿದ್ದ ಕಲ್ಲಿನ ಹಲಗೆಗಳ ಮೇಲೆ ಕೆತ್ತನೆ ತುಂಬಿದೆ. ಒಂದರಲ್ಲಿ ರಾಜನೂ ರಾಣಿಯೂ ನಿಂತಿದ್ದಾರೆ. ಮೇಲೆ ಬ್ರಾಹ್ಮಿಯಲ್ಲಿ ಅಶೋಕ ರಾಜನ ಹೆಸರು ಬರೆದಿದೆ. ಅಶೋಕನ ಚಿತ್ರವೆಂದು ಹೆಸರು ಬರೆದೇ ಕೆತ್ತಿದ ಇಂಥ ಶಿಲ್ಪ ಬಹು ಅಪರೂಪದ್ದು. ಶಾತವಾಹನ ಅರಸರ ಹೆಸರುಗಳೂ ಅಲ್ಲಿವೆ. ಈ ಹಲಗೆಗಳ ಕಲ್ಲು ಯಾವುದು? ಶಹಾಬಾದದ ಫರಸಿ ಎಂದು ನಾವು ಮನೆಗೆ ಹಾಸುವ ಸುಣ್ಣಕಲ್ಲಿನ ಜಾತಿಯದೇ. ಭೀಮೆ ಅಫಜಲಪುರದ ಕಡೆ ಕರಿಕಲ್ಲಿನ ನೆಲದಲ್ಲಿ ಹರಿದು, ಕೆಳಗೆ ಬಂದಂತೆ ಸುಣ್ಣಕಲ್ಲಿನ ಪದರುಗಳ ಮೇಲೆ ಹರಿಯುತ್ತದೆ. ಕರಿಕಲ್ಲು ಉಳಿಗೆ ಬೇಗ ಜಗ್ಗುವುದಿಲ್ಲ. ಈ ಸುಣ್ಣಕಲ್ಲು ಪದರು ಪದರಾಗಿ ಏಳುತ್ತದೆ, ನವುರಾದ ಕೆತ್ತನೆಗೆ ಒದಗುತ್ತದೆ. ಅಂಥ ಶಿಲ್ಪಿಗಳಿಗೆ ಬೇಕಾದ ಕಲ್ಲು ಹೊಳೆಯ ನೆರೆಯಲ್ಲಿಯೇ ಸಿಕ್ಕಿತ್ತು.

ಸನ್ನತಿಯಿಂದ ಮತ್ತೆ ನದಿಯ ಎದುರಿಗೆ ಮೇಲಕ್ಕೆ ನಡೆದರೆ, ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಹಾದಿಯ ಬದಿಗೆ, ಇನ್ನೊಂದು ಬಾಗಿನಲ್ಲಿ ಫಿರೋಜಾಬಾದು ಸಿಕ್ಕುತ್ತದೆ. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಹನು 1400ರ ಸುಮಾರಿಗೆ ಕಟ್ಟಿಸಿದ ಅರಮನೆಯ ಪಟ್ಟಣ ಇದು. ಮೂರು ಕಡೆಗೆ ಕಲ್ಲಿನ ಗೋಡೆ. ನಾಲ್ಕನೆಯ ಕಡೆಗೆ, ಪಶ್ಚಿಮಕ್ಕೆ, ಭೀಮೆಯೇ ಗೋಡೆ. ನೇರವಾಗಿ ನುಗ್ಗಲು ಬಾರದಂತೆ ತಿರುವಿಟ್ಟು ಕಟ್ಟಿದ ಹೆಬ್ಬಾಗಿಲುಗಳು, ದೊಡ್ಡ ಜಾಮಿ ಮಸೀದಿ, ಹಮಾಮು, ಕಮಾನಿನ ಮಾಳಿಗೆಗಳ ಕಟ್ಟಡಗಳು ಇಂದಿಗೂ ಹೊಲಗಳ ನಡುವೆ, ಜಾಲಿಯ ಮೆಳೆಗಳ ನಡುವೆ ನಿಂತಿವೆ. ಫಿರೋಜನ ತರುವಾಯ ಪಟ್ಟಕ್ಕೆ ಬಂದ ಅವನ ತಮ್ಮ ಅಹಮದ ಶಹನು ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಫಿರೋಜಾಬಾದು ಬರಿದಾಯಿತು. ಒಬ್ಬ ಅರಸನ ಬಾಳಿನಷ್ಟೇ ಬಾಳಿದ ಪಟ್ಟಣ ಎನ್ನಬಹುದು. ಆದರೆ ನೆಲೆಯ ಆಯ್ಕೆಯಲ್ಲಿ ಕಟ್ಟಿದವರು ತಪ್ಪಲಿಲ್ಲ. ನದಿ ಬೇಕಾದಷ್ಟು ಹತ್ತಿರ, ಕಟ್ಟಡಗಳು ನದಿಯ ಕೈಗೆ ನಿಲುಕದಷ್ಟು ಎತ್ತರ. ಆರು ನೂರು ವರ್ಷದ ಮಹಾಪೂರಗಳ ತರುವಾಯವೂ ಗೋಡೆಗಳು ಉಳಿದಿರುವುದೇ ಅದಕ್ಕೆ ಸಾಕ್ಷಿ.

ಇನ್ನೂ ಮೇಲಕ್ಕೆ ಹೋದರೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರ. ಶ್ರೀ ನರಸಿಂಹ ಸರಸ್ವತಿಗಳು ಬಹುಕಾಲ ನೆಲೆಸಿದ್ದ ಕ್ಷೇತ್ರವೆಂದು ದತ್ತಭಕ್ತರಿಗೆ ಇದು ಪವಿತ್ರವಾದದ್ದು. ಊರಿನಲ್ಲಿ ಅವರ ನಿರ್ಗುಣ ಪಾದುಕೆಗಳಿರುವ ಮಠ; ಊರಿನಿಂದ ಸ್ವಲ್ಪ ದೂರದಲ್ಲಿ ಭೀಮಾ–ಅಮರ್ಜಾ ಸಂಗಮ. ಸಂಗಮದಲ್ಲಿ ಮಿಂದು, ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಬಂದು, ಮಧ್ಯಾಹ್ನ ಊರಿನಲ್ಲಿ ಮಧುಕರಿ ಬೇಡಿ ಉಣ್ಣುವುದು ಯಾತ್ರಿಕರ ಕ್ರಮ. ಔದುಂಬರವೆಂದರೆ ನಮ್ಮ ಅತ್ತಿಯ ಮರ. ಅತ್ತಿ ತೇವವನ್ನು ಬಯಸುವ ಮರ; ಹಳ್ಳ, ಹೊಳೆಗಳ ಅಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಕಾಂಡಕ್ಕೇ ಗೊಂಚಲಾಗಿ ಹತ್ತುವ ಅದರ ಹಣ್ಣು ಹಕ್ಕಿಗಳಿಗೂ ಬಾವಲಿಗಳಿಗೂ ಆಹಾರ. ಅತ್ತಿಯಿದ್ದಲ್ಲಿ ನೀರುಂಟು ಎಂಬುದು ಬಾವಿ ತೋಡುವವರ ನಂಬಿಕೆ. ಗಾಣಗಾಪುರದಲ್ಲಿ ಕಟ್ಟಿದವರು ನದಿಗೆ ಕೊಟ್ಟ ಉತ್ತರ ಎರಡು ಬಗೆಯದು: ಮಠವನ್ನು ಊರೊಳಗೆ ಇಟ್ಟರು, ಸ್ನಾನದ ಘಟ್ಟವನ್ನು ನದಿಗೇ ಬಿಟ್ಟರು. ಮಹಾಪೂರ ಬಂದಾಗ ಸಂಗಮದ ಸ್ಥಳ ಮುಳುಗುತ್ತದೆ, ಇಳಿದಾಗ ಕೆಸರು ತೊಳೆದು ಪೂಜೆ ಮುಂದುವರಿಯುತ್ತದೆ. ಘತ್ತರಗಿಯ ಭಾಗ್ಯವಂತಿ ದೇವಿಯ ದಂಡೆಯಲ್ಲಿಯೂ ಜನರು ನದಿಯೊಡನೆ ಹೀಗೆಯೇ ಬಾಳಿಕೊಂಡು ಬಂದಿದ್ದಾರೆ.

ಈಗ ಸೇತುವೆಗಳ ಮಾತು. ಬಹುಕಾಲದವರೆಗೆ ಭೀಮೆಯನ್ನು ದಾಟಲು ಬೇಸಿಗೆಯಲ್ಲಿ ಕಾಲುಹಾದಿ, ಮಳೆಗಾಲದಲ್ಲಿ ಹರಿಗೋಲು. ಅಫಜಲಪುರಕ್ಕಿಂತ ಮೇಲಿನ ಭಾಗದಲ್ಲಿ, ಇಂಡಿಯ ಕಡೆಗೆ, ಹೋಟಗಿ–ಗದಗ ರೈಲುಮಾರ್ಗ ಭೀಮೆಯನ್ನು ದಾಟುತ್ತದೆ. ಆ ಮಾರ್ಗ 1884ರಲ್ಲಿ ತೆರೆಯಿತು. ರೈಲಿನವರ ಲೆಕ್ಕ ಸರಳ: ಗಾಡಿ ವರ್ಷವಿಡೀ ಓಡಬೇಕು, ಆದ್ದರಿಂದ ಸೇತುವೆ ಮಹಾಪೂರಕ್ಕಿಂತ ಎತ್ತರ ಇರಬೇಕು. ಕಲಬುರಗಿ–ಜೇವರ್ಗಿ ಹೆದ್ದಾರಿಯ ಕಟ್ಟಿ ಸಂಗಾವಿಯ ಸೇತುವೆಯೂ ಈ ಬಗೆಯದು, ದಾಟುವುದಕ್ಕಾಗಿಯೇ ಕಟ್ಟಿದ್ದು.

ನಮ್ಮ ಕಾಲದ ಸೇತುವೆಗಳಲ್ಲಿ ಇನ್ನೊಂದು ಜಾತಿಯಿದೆ. ಘತ್ತರಗಿ, ಗಾಣಗಾಪುರ, ಸನ್ನತಿ ಮೊದಲಾದ ಕಡೆ ಇರುವ ಸೇತುವೆ ಸಹಿತ ಬ್ಯಾರೇಜುಗಳು ಆ ಜಾತಿಯವು. ಹಳ್ಳಿಯವರು ಇವನ್ನು ಬಾಂದಾರವೆನ್ನುತ್ತಾರೆ. ಇವು ಎರಡು ಕೆಲಸ ಮಾಡುತ್ತವೆ: ಮೇಲೆ ಜನರನ್ನು ದಾಟಿಸುತ್ತವೆ, ಕೆಳಗೆ ನೀರನ್ನು ತಡೆಯುತ್ತವೆ. ಕಂಬ ಕಂಬಗಳ ನಡುವೆ ಕಬ್ಬಿಣದ ಗೇಟುಗಳಿರುತ್ತವೆ. ಮಳೆಗಾಲದಲ್ಲಿ ಅವನ್ನು ತೆಗೆದಿಟ್ಟು ನದಿಯನ್ನು ಅದರಷ್ಟಕ್ಕೆ ಹರಿಯಗೊಡಬೇಕು. ಮಳೆ ಹಿಂದೆಗೆದ ಮೇಲೆ, ಹೊಳೆ ಇನ್ನೂ ಹರಿಯುತ್ತಿರುವಾಗಲೇ, ಗೇಟು ಇಳಿಸಿ ನೀರನ್ನು ನಿಲ್ಲಿಸಬೇಕು. ಬೇಗ ಇಳಿಸಿದರೆ ಹಿಂಗಾರಿಯ ಪೂರ ಬಂದು ನೀರು ದಂಡೆಯ ಹೊಲಗಳಿಗೆ ನುಗ್ಗುತ್ತದೆ. ತಡಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಬಾಂದಾರದ ಮೇಲಿನ ರಸ್ತೆ ತಗ್ಗಿನಲ್ಲಿರುವುದರಿಂದ ದೊಡ್ಡ ಪೂರದಲ್ಲಿ ಅದು ಮುಳುಗುತ್ತದೆ. ಆ ದಂಡೆಯ ಹಳ್ಳಿಗೂ ಈ ದಂಡೆಯ ಪೇಟೆಗೂ ಸಂಪರ್ಕ ಕಡಿಯುತ್ತದೆ.

ಇವೆಲ್ಲವುಗಳಲ್ಲಿ ದೊಡ್ಡದು ಅಫಜಲಪುರ ತಾಲೂಕಿನ ಸೊನ್ನದ ಬ್ಯಾರೇಜು. ಭೀಮಾ ಏತ ನೀರಾವರಿಯ ಮೂಲ ಅದೇ. ನದಿ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಆದ್ದರಿಂದ ಪಂಪಿನಿಂದ ನೀರೆತ್ತಿ ಕಾಲುವೆಗೆ ಹಾಕಬೇಕು. ಸೊನ್ನದಲ್ಲಿ ನಿಲ್ಲುವ ನೀರು ಮೂರು ಟಿಎಂಸಿಗೆ ಸ್ವಲ್ಪ ಹೆಚ್ಚು.

ಈ ಟಿಎಂಸಿ, ಕ್ಯೂಸೆಕ್ ಎಂಬ ಮಾತುಗಳನ್ನು ಪತ್ರಿಕೆಯಲ್ಲಿ ದಿನವೂ ಓದುತ್ತೇವೆ, ವಾರ್ತೆಗಳಲ್ಲಿ ಕೇಳುತ್ತೇವೆ. ಅವುಗಳ ಅರ್ಥವನ್ನು ಒಮ್ಮೆ ಬಿಡಿಸಿಕೊಳ್ಳುವುದು ಒಳ್ಳೆಯದು. ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ನೀರು ಕೂಡಿದರೆ ಒಂದು ಟಿಎಂಸಿ. ಒಂದು ಹರಿವಿನ ಮಾತು, ಇನ್ನೊಂದು ಸಂಗ್ರಹದ ಮಾತು. ಒಂದು ಲಕ್ಷ ಕ್ಯೂಸೆಕ್ ವೇಗದಲ್ಲಿ ಹೊಳೆ ಹರಿದರೆ ಒಂದು ದಿನಕ್ಕೆ ಸುಮಾರು 8.6 ಟಿಎಂಸಿ ನೀರು ಹೋಗುತ್ತದೆ. ಅಂದರೆ ಅಂಥ ಪೂರದಲ್ಲಿ ಬರಿದಾದ ಸೊನ್ನದ ಬ್ಯಾರೇಜು ಒಂಬತ್ತು ಗಂಟೆಯೊಳಗೆ ತುಂಬಿಬಿಡುತ್ತದೆ. ಬೆಳಗಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದವನು ಸಂಜೆ ಮನೆಗೆ ಬರುವಷ್ಟರಲ್ಲಿ!

ಇನ್ನೊಂದು ಲೆಕ್ಕ. ಕೃಷ್ಣಾ ಜಲವಿವಾದವನ್ನು ತೀರಿಸಲು 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಮೇರೆಗೆ ಕರ್ನಾಟಕವು ಭೀಮೆಯ ಮುಖ್ಯ ಪ್ರವಾಹದಿಂದ ವರ್ಷಕ್ಕೆ 15 ಟಿಎಂಸಿಗಿಂತ ಹೆಚ್ಚು ಬಳಸಬಾರದು. ಇದು ಮಿತಿ, ಇಂಥ ತಿಂಗಳು ಇಷ್ಟು ನೀರು ಬರುತ್ತದೆ ಎಂಬ ಭರವಸೆಯಲ್ಲ. ಈಗ ನೋಡಿರಿ: ಒಂದು ಲಕ್ಷ ಕ್ಯೂಸೆಕ್‌ನ ಪೂರದಲ್ಲಿ ಆ 15 ಟಿಎಂಸಿ ನೀರು ಎರಡು ದಿನ ತುಂಬುವ ಮೊದಲೇ ನಮ್ಮ ಕಣ್ಣೆದುರಿಗೆ ಹರಿದುಹೋಗುತ್ತದೆ. ಇಡೀ ವರ್ಷದ ಪಾಲು ಎರಡು ದಿನದ ಹೊಳೆ! ಬರುವಾಗ ಒಮ್ಮೆಲೇ ಬರುತ್ತದೆ, ಬೇಕಾದಾಗ ಬರುವುದಿಲ್ಲ. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಮುಗಿದ ಉಜನಿ ಜಲಾಶಯದ ಸಾಮರ್ಥ್ಯ ಸುಮಾರು 117 ಟಿಎಂಸಿ. ಅದು ತುಂಬುವವರೆಗೆ ಮುಖ್ಯ ಪ್ರವಾಹದ ನೀರು ಕೆಳಗೆ ಬರುವುದು ಕಡಿಮೆ. ತುಂಬಿದ ಮೇಲೆ ಬಿಡದೆ ವಿಧಿಯಿಲ್ಲ. ಅಲ್ಲಿಯ ರೈತನಿಗೂ ಕಬ್ಬು ಇದೆ, ಅಲ್ಲಿಯ ಊರಿಗೂ ಕುಡಿಯುವ ನೀರು ಬೇಕು. ಇದರಲ್ಲಿ ಯಾರನ್ನು ದೂರಿದರೂ ನದಿಯ ಸ್ವಭಾವ ಬದಲಾಗುವುದಿಲ್ಲ.

ಈ ಸ್ವಭಾವದ ಎರಡು ಮುಖಗಳನ್ನು ನಾವು ಈಚಿನ ವರ್ಷಗಳಲ್ಲಿಯೇ ಕಂಡಿದ್ದೇವೆ. 2020ರ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿಯಿತೆಂದು ರೈತರು ತೊಗರಿಯ ಹೂವನ್ನು ನೋಡುತ್ತಿದ್ದಾಗ, ಮೇಲೆ ಮಹಾರಾಷ್ಟ್ರದಲ್ಲಿಯೂ ಇಲ್ಲಿಯೂ ಸುರಿದ ಮಳೆಗೆ ಭೀಮೆ ಉಕ್ಕಿತು. ಸೊನ್ನದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಕೆಳಗೆ ಹರಿಯಿತು. ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳ ಜನರು ಮಕ್ಕಳು, ಮುದುಕರು, ದನಕರುಗಳೊಡನೆ ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ಮೂರೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಬೇಸಿಗೆಯಲ್ಲಿ, ಅದೇ ನದಿಯ ಪಾತ್ರ ಬಿರುಕುಬಿಟ್ಟಿತು. ಕುಡಿಯುವ ನೀರಿಗಾಗಿ ಉಜನಿಯಿಂದ ಭೀಮೆಗೆ ನೀರು ಬಿಡಿಸಬೇಕೆಂದು ಅಫಜಲಪುರದಲ್ಲಿ ಜನರು ಧರಣಿ ಕುಳಿತರು. ಮನೆಯೊಳಗೆ ನುಗ್ಗಿದ ನದಿ, ಕೊಡಕ್ಕೆ ಬಾರದ ನದಿ, ಎರಡೂ ಒಂದೇ.

ಈ ಎರಡು ಮುಖಗಳ ನಡುವೆ ಒಂದು ಸಮಾಧಾನದ ವಸ್ತುವಿದೆ. ಅದು ಉಸುಕು. ನೋಡುವವರಿಗೆ ಉಸುಕು ಒಣಗಿದ್ದು. ಆದರೆ ಅದರ ಕಣ ಕಣಗಳ ನಡುವೆ ನೀರು ನಿಲ್ಲುತ್ತದೆ. ಹೊಳೆ ಬತ್ತಿದ ಮೇಲೂ ಎರಡು ಮೊಳ ತೋಡಿದರೆ ಒರತೆ ಸಿಕ್ಕುತ್ತಿದ್ದುದು ಇದರಿಂದಲೇ. ಬೇಸಿಗೆಯಲ್ಲಿ ಉಸುಕಿನ ಪಾತ್ರದಲ್ಲಿ ಗುಣಿ ತೋಡಿ ಕಲ್ಲಂಗಡಿ, ಸೌತೆಯ ಬಳ್ಳಿ ಹಬ್ಬಿಸುತ್ತಿದ್ದುದೂ ಇದರ ಬಲದಿಂದಲೇ. ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತದೆ; ಮಿಂಚುಳ್ಳಿ ಕಡಿದಾದ ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮರಿ ಮಾಡುತ್ತದೆ. ಉಸುಕನ್ನು ಲಾರಿ ಲಾರಿಯಾಗಿ ಒಯ್ದಾಗ ಪಾತ್ರ ಆಳವಾಗುತ್ತದೆ, ದಂಡೆ ಕುಸಿಯುತ್ತದೆ, ಪಕ್ಕದ ಬಾವಿಯ ನೀರು ಕೆಳಗಿಳಿಯುತ್ತದೆ, ಸೇತುವೆಯ ಕಂಬದ ಬುಡ ಬಯಲಾಗುತ್ತದೆ. ಉಸುಕೂ ಒಂದು ಬಾಂದಾರವೇ. ಅದನ್ನು ಯಾರೂ ಕಟ್ಟಲಿಲ್ಲವಾದ್ದರಿಂದ ಅದರ ಲೆಕ್ಕವನ್ನು ಯಾರೂ ಇಡಲಿಲ್ಲ.

ಹೀಗಿರುವಾಗ ದಂಡೆಯ ಜನರು ಮಾಡಬಹುದಾದದ್ದು ಏನು? ದೊಡ್ಡ ಮಾತುಗಳನ್ನು ಸರಕಾರಗಳಿಗೂ ನ್ಯಾಯಮಂಡಳಿಗಳಿಗೂ ಬಿಡೋಣ. ಸಣ್ಣದೊಂದು ಕೆಲಸ ನಮ್ಮ ಕೈಯಲ್ಲಿದೆ. ಪ್ರತಿಯೊಂದು ದಂಡೆಯ ಹಳ್ಳಿಯಲ್ಲಿಯೂ ‘ಇಂಥ ವರ್ಷ ನೀರು ಈ ಕಟ್ಟೆಯವರೆಗೆ ಬಂದಿತ್ತು’ ಎಂದು ಹೇಳಬಲ್ಲ ಹಿರಿಯರಿದ್ದಾರೆ. ಅವರು ಇರುವಾಗಲೇ ಆ ಗುರುತನ್ನು ಗುಡಿಯ ಗೋಡೆಯ ಮೇಲೋ ಶಾಲೆಯ ಕಂಬದ ಮೇಲೋ ಒಂದು ಗೆರೆ ಎಳೆದು, ವರ್ಷ ಬರೆದು ಇಡಬಹುದು. ಪೂರದ ಗೆರೆಯಂತೆಯೇ ಬರಗಾಲದ ಗುರುತೂ ಬೇಕು: ಯಾವ ಬೇಸಿಗೆಯಲ್ಲಿ ಯಾವ ಬಾವಿ ಎಷ್ಟು ಮೊಳಕ್ಕೆ ಇಳಿಯಿತು, ಯಾವ ಮಡು ಬತ್ತಲಿಲ್ಲ ಎಂಬುದು. ಹೊಸ ಮನೆಯ ಪಾಯ ತೆಗೆಯುವವನು ಮೊದಲನೆಯ ಗೆರೆಯನ್ನು ನೋಡುವನು. ಹೊಸದಾಗಿ ಕಬ್ಬು ಹಚ್ಚುವವನು ಎರಡನೆಯದನ್ನು ನೋಡುವನು.

ಸನ್ನತಿಯಲ್ಲಿ, ಫಿರೋಜಾಬಾದಿನಲ್ಲಿ, ಗಾಣಗಾಪುರದಲ್ಲಿ ಕಟ್ಟಿದವರ ಬಳಿ ಕ್ಯೂಸೆಕ್ಕಿನ ಲೆಕ್ಕವಿರಲಿಲ್ಲ. ನದಿ ಎಷ್ಟು ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರು ವರ್ಷ ವರ್ಷ ದಂಡೆಯ ಮೇಲೆ ನಿಂತು ತಿಳಿದಿದ್ದರು. ನಮಗೆ ಆ ಲೆಕ್ಕವೂ ಇದೆ, ಅವರು ಕಟ್ಟಿಹೋದ ಗುರುತುಗಳೂ ಇವೆ. ಮುಂದಿನ ಸಲ ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಮೋಟಾರಿನಲ್ಲಿ ಹೋಗುವಾಗ, ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿರಿ. ಕಂಬಗಳ ಮೇಲೆ ಹೋದ ಪೂರದ ಕೆಸರು ಎಲ್ಲಿಯವರೆಗೆ ಹತ್ತಿದೆ, ಇಂದು ನೀರು ಎಲ್ಲಿದೆ ಎಂಬುದನ್ನು ಗಮನಿಸಿರಿ. ಆ ಎರಡು ಗುರುತುಗಳ ನಡುವೆಯೇ ನಮ್ಮ ಈ ಸೀಮೆಯ ಬೇಸಾಯ ನಡೆಯಬೇಕಾಗಿದೆ.